ಕೆಮ್ಮಿ ನಿಂತಿತೋ, ಕೆಮ್ಮದೆ ನಿಂತಿತೋ: ಹಿನ್ನೀರಿನ ನಡುವೆ ದೋಣಿಯ ಎಂಜಿನ್ ಕೈಕೊಟ್ಟಾಗ

ದೋಣಿಯ ಹಿಂಬದಿ ಹಲಗೆಗೆ ತಗುಲಿಸುವ ಔಟ್‌ಬೋರ್ಡ್ ಎಂಜಿನ್‌ಗೆ ಒಂದು ಕೆಟ್ಟ ಗುಣವಿದೆ. ದಡದಲ್ಲಿ ನಾಲ್ಕು ಜನ ನೋಡುತ್ತಿರುವಾಗ ಒಂದೇ ಎಳೆತಕ್ಕೆ ಹೊತ್ತಿಕೊಳ್ಳುತ್ತದೆ. ಮೀನಾಕ್ಷಿಪುರದ ದಡದ ಮೇಲಿನ ಜನ ಇರುವೆಗಳಂತೆ ಕಾಣುವಷ್ಟು ಒಳಗೆ ಹೋದ ಮೇಲೆ ಮುನಿಸಿಕೊಳ್ಳುತ್ತದೆ. ಪಾಂಡವಪುರ, ಶ್ರೀರಂಗಪಟ್ಟಣದ ಗದ್ದೆಬದುಗಳ ಮೇಲೆ ಕುಕ್ಕರುಗಾಲಿನಲ್ಲಿ ಕುಳಿತು ಪಂಪ್‌ಸೆಟ್ ಬಿಚ್ಚುತ್ತಲೇ ನನಗೆ ತಲೆ ನರೆತಿದೆ. ಆದರೂ ನಡುನೀರಿನಲ್ಲಿ ಮೊದಲ ಸಲ ಎಂಜಿನ್ ನಿಂತಾಗ ಆ ಅನುಭವವೇ ನನ್ನನ್ನು ಕೆಡಿಸಿತು. ಗದ್ದೆ ಎಲ್ಲಿಗೂ ಹೋಗುವುದಿಲ್ಲ. ದೋಣಿ ಹೋಗುತ್ತಲೇ ಇರುತ್ತದೆ.

ಆಗ ಆಷಾಢ. 15 ಅಶ್ವಶಕ್ತಿಯ ಟೂ ಸ್ಟ್ರೋಕ್ ಎಂಜಿನ್ ಒಂದನ್ನು ಸರಿಮಾಡಿ, ಪರೀಕ್ಷೆಗೆಂದು ಕೆಆರ್‌ಎಸ್ ಹಿನ್ನೀರಿಗೆ ಇಳಿಸಿದ್ದೆ. ಮದ್ದೂರಿನಿಂದ ಬಂದಿದ್ದ ಅತ್ತಿಗೆ, ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ನೀರಿನ ಕಡೆಯಿಂದ ನೋಡಬೇಕು ಎಂದರು. ಅವರನ್ನೂ ಅವರ ಮಗನನ್ನೂ ಕೂರಿಸಿಕೊಂಡೆ. ಅರ್ಧ ದಾರಿಯಲ್ಲಿ ಎಂಜಿನ್ ನಿಂತಿತು. ನಾನು ಮೇಲ್ಮುಚ್ಚಳ ತೆಗೆದೆ, ಪ್ಲಗ್ ಬಿಚ್ಚಿದೆ, ಅಂಗಿಯ ಅಂಚಿಗೆ ಒರೆಸುವಾಗ ಅಲೆಯೊಂದು ದೋಣಿಯನ್ನು ಅಲುಗಿಸಿತು. ಪ್ಲಗ್ ಕಾವೇರಿಯ ಪಾಲಾಯಿತು. ಇನ್ನೊಂದು ಪ್ಲಗ್ ತಂದಿರಲಿಲ್ಲ.

ಹರಿಗೋಲಿನಲ್ಲಿ ಬಲೆ ಎತ್ತುತ್ತಿದ್ದ ವೃದ್ಧರೊಬ್ಬರು ನಿಧಾನವಾಗಿ ಹುಟ್ಟು ಹಾಕುತ್ತಾ ಹತ್ತಿರ ಬಂದರು. ಅವರು ಕೇಳಿದ್ದು ಒಂದೇ ಮಾತು: “ಹೇಗೆ ನಿಂತಿತು ಸ್ವಾಮಿ?”

“ನಿಂತಿತು ತಾತ, ಅಷ್ಟೇ.”

“ಕೆಮ್ಮಿ ನಿಂತಿತೋ, ಕೆಮ್ಮದೆ ನಿಂತಿತೋ?”

ಕೆಮ್ಮಿರಲಿಲ್ಲ. ದೀಪ ಆರಿಸಿದಂತೆ ಒಮ್ಮೆಗೇ ನಿಂತಿತ್ತು. ಅದನ್ನು ನಾನು ಬಾಯಿಬಿಟ್ಟು ಹೇಳುವ ಹೊತ್ತಿಗೆ ಅತ್ತಿಗೆಯ ಮಗ ಅಮ್ಮನ ಕೈಚೀಲದ ಪಟ್ಟಿಗೆ ಸಿಕ್ಕಿಕೊಂಡಿದ್ದ ಕೆಂಪು ಸುರುಳಿದಾರವನ್ನು ಎತ್ತಿ ಹಿಡಿದು, “ಚಿಕ್ಕಪ್ಪ, ಇದು ಯಾವುದರ ದಾರ?” ಎಂದ. ಎಂಜಿನ್ ಆರಿಸುವ ಗುಂಡಿಯ ಕೆಳಗೆ ಸಿಕ್ಕಿಸಬೇಕಾದ ಕ್ಲಿಪ್ ಅದು. ಅದು ಕಳಚಿದರೆ ಎಂಜಿನ್ ನಿಲ್ಲಲೇಬೇಕು. ಅದಕ್ಕಾಗಿಯೇ ಅದನ್ನು ಇಟ್ಟಿದ್ದಾರೆ. ದೋಷವೇ ಇಲ್ಲದ ಎಂಜಿನ್ನನ್ನು ನಾನು ಬಿಚ್ಚಿ ಹಾಕಿದ್ದೆ.

ಕೆಳಗಿರುವುದೆಲ್ಲ ತಾತನ ಆ ಪ್ರಶ್ನೆಯಿಂದ ಹುಟ್ಟಿದ ಕ್ರಮ. ಸ್ಪ್ಯಾನರ್ ಹಿಡಿಯುವ ಮೊದಲು, ಎಂಜಿನ್ ಯಾವ ರೀತಿಯಲ್ಲಿ ನಿಂತಿತು ಎಂಬುದನ್ನು ಕಿವಿಯಿಂದ ನೆನಪಿಸಿಕೊಳ್ಳಬೇಕು. ಪಂಪ್‌ಸೆಟ್ಟಿನ ಸದ್ದು ಒಂದಿಷ್ಟು ಬದಲಾದರೂ ನಿದ್ದೆಯಲ್ಲಿದ್ದ ರೈತ ಎದ್ದು ಕೂರುತ್ತಾನೆ. ಅದೇ ಕಿವಿ ಇಲ್ಲಿಯೂ ಬೇಕು.

ಮೊದಲು ದೋಣಿ, ಆಮೇಲೆ ಎಂಜಿನ್

ಆಷಾಢದ ಗಾಳಿ ಪಶ್ಚಿಮದ ಕಡೆಯಿಂದ ಬೀಸುತ್ತದೆ. ಕೆಆರ್‌ಎಸ್ ಕಟ್ಟೆ ಇರುವುದು ಹಿನ್ನೀರಿನ ಪೂರ್ವದ ತುದಿಯಲ್ಲಿ. ನಿಂತ ದೋಣಿ ಎತ್ತ ತೇಲುತ್ತದೆ ಎಂಬ ಲೆಕ್ಕವನ್ನು ನೀವೇ ಹಾಕಿಕೊಳ್ಳಿ. ಕಟ್ಟೆಯ ಹತ್ತಿರದ ನೀರು ನಿಷೇಧಿತ ಪ್ರದೇಶ. ಗೇಟುಗಳು ತೆರೆದಿರುವ ಕಾಲದಲ್ಲಂತೂ ಅತ್ತ ತಲೆಯಿಟ್ಟೂ ಮಲಗಬಾರದು. ಆದ್ದರಿಂದ ಎಂಜಿನ್ ನಿಂತ ಕೂಡಲೇ ಎಲ್ಲರೂ ಲೈಫ್ ಜಾಕೆಟ್ ಹಾಕಿದ್ದಾರೆಯೇ, ದಾರ ಬಿಗಿದಿದೆಯೇ ಎಂದು ನೋಡಿ, ಲಂಗರು ಬಿಡಿ.

ಲಂಗರನ್ನು ಯಾವಾಗಲೂ ದೋಣಿಯ ಮುಂತುದಿಯಿಂದ ಬಿಡಬೇಕು. ಹಿಂಬದಿಯಿಂದ ಬಿಟ್ಟರೆ, ಎಂಜಿನ್ ಭಾರಕ್ಕೆ ಮೊದಲೇ ತಗ್ಗಿರುವ ಆ ಹಲಗೆಯ ಮೇಲಿಂದ ಅಲೆ ಒಳನುಗ್ಗುತ್ತದೆ. ನಮ್ಮ ಹಿನ್ನೀರಿನ ತಳದಲ್ಲಿ ಹಳೆಯ ಊರುಗಳ ಗೋಡೆ, ಮರದ ಬೊಡ್ಡೆಗಳು ಇವೆ. ಕೊಕ್ಕೆಯ ಲಂಗರು ಸಿಕ್ಕಿಕೊಂಡರೆ ಮೇಲೆ ಬರುವುದಿಲ್ಲ. ಗೋಣಿಚೀಲಕ್ಕೆ ಕಲ್ಲು ತುಂಬಿ, ಬಾಯಿ ಬಿಗಿದು, ಉದ್ದನೆಯ ಹಗ್ಗಕ್ಕೆ ಕಟ್ಟಿಟ್ಟುಕೊಳ್ಳುವುದೇ ಮೇಲು. ನೀರು ಆಳವಾಗಿ ಕಲ್ಲು ತಳ ಮುಟ್ಟದಿದ್ದರೆ, ಬಕೆಟ್ಟೊಂದಕ್ಕೆ ಹಗ್ಗ ಕಟ್ಟಿ ಮುಂತುದಿಯಿಂದ ನೀರಿಗೆ ಬಿಡಿ. ಬಕೆಟ್ ನೀರನ್ನು ತಬ್ಬಿ ಹಿಡಿಯುತ್ತದೆ, ದೋಣಿಯ ಮುಖ ಗಾಳಿಗೆ ತಿರುಗುತ್ತದೆ, ತೇಲುವ ವೇಗ ತಗ್ಗುತ್ತದೆ.

ಇಷ್ಟಾದ ಮೇಲೆ ಒಂದು ನಿಮಿಷ ಸುಮ್ಮನೆ ಕೂರಿ. ಸ್ಟಾರ್ಟರ್ ಹಗ್ಗವನ್ನು ಸಿಟ್ಟಿನಿಂದ ಮೂವತ್ತು ಸಲ ಎಳೆದವರು ಯಾರೂ ಎಂಜಿನ್ ರಿಪೇರಿ ಮಾಡಿದ್ದನ್ನು ನಾನು ಕಂಡಿಲ್ಲ. ಹಗ್ಗ ಕಿತ್ತವರನ್ನು ಕಂಡಿದ್ದೇನೆ.

ಕೊನೆಯ ಹತ್ತು ಸೆಕೆಂಡು

ನೆನಪಿಸಿಕೊಳ್ಳಿ. ಸದ್ದು ಏರಿಳಿದು, ಕೆಮ್ಮಿ, ಬಿಕ್ಕಳಿಸಿ ಸತ್ತಿತೇ? ಪೆಟ್ರೋಲ್ ಸರಿಯಾಗಿ ಬರುತ್ತಿಲ್ಲ. ಪೂರ್ತಿ ವೇಗದಲ್ಲಿದ್ದದ್ದು ಯಾವ ಮುನ್ಸೂಚನೆಯೂ ಇಲ್ಲದೆ ಆರಿತೇ? ಕಿಡಿ ತಪ್ಪಿದೆ. ವೇಗ ತಾನಾಗಿ ಕುಗ್ಗುತ್ತಾ, ನರಳುತ್ತಾ, ಕಾದ ಬಾಣಲೆಯ ವಾಸನೆ ಬಿಡುತ್ತಾ ನಿಂತಿತೇ? ಅದು ಬಿಸಿ. ಢಬ್ ಎಂದು ಏನೋ ಬಡಿದು ನಿಂತಿತೇ, ಅಥವಾ ಎಂಜಿನ್ ಕೂಗುತ್ತಲೇ ಇದ್ದು ದೋಣಿ ಮಾತ್ರ ನಿಂತಿತೇ? ದೋಷ ನೀರಿನ ಕೆಳಗಿದೆ, ಫ್ಯಾನಿನಲ್ಲಿ. ಪ್ರೊಪೆಲ್ಲರ್‌ಗೆ ನಮ್ಮಲ್ಲಿ ಎಲ್ಲರೂ ಫ್ಯಾನ್ ಎಂದೇ ಹೇಳುವುದು. ನಾನೂ ಹಾಗೆಯೇ ಬರೆಯುತ್ತೇನೆ.

ಕೆಮ್ಮಿ ನಿಂತರೆ

ಎಂಜಿನ್‌ಗಳ ತಕರಾರುಗಳಲ್ಲಿ ಹೆಚ್ಚಿನವು ಇವೇ. ಸಂತೋಷದ ವಿಷಯವೆಂದರೆ ಇವುಗಳಲ್ಲಿ ಅರ್ಧಕ್ಕರ್ಧ ಎಂಜಿನ್ನಿನ ಒಳಗಿಲ್ಲ. ಪೆಟ್ರೋಲ್ ಟ್ಯಾಂಕಿನಿಂದ ಎಂಜಿನ್‌ವರೆಗಿನ ಒಂದೂವರೆ ಮೀಟರ್ ಪೈಪಿನಲ್ಲಿವೆ. ಎಂಜಿನ್ನಿನ ಮುಚ್ಚಳ ತೆಗೆಯುವ ಅಗತ್ಯವೇ ಇಲ್ಲ.

ಮೊದಲು ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿ ತಿರುಪನ್ನು ನೋಡಿ. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ತಿರುಪು ಮುಚ್ಚಿದ್ದರೆ ಎಂಜಿನ್ ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡಿ, ಉಸಿರು ಕಟ್ಟಿದಂತೆ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಹೊತ್ತಿಕೊಂಡು, ಮತ್ತೆ ನಿಲ್ಲುತ್ತದೆ. ಮುಚ್ಚಳ ಸಡಿಲಿಸಿದಾಗ ‘ಸ್ಸ್’ ಎಂದು ಗಾಳಿ ಒಳಗೆ ಎಳೆದ ಸದ್ದು ಕೇಳಿದರೆ ಕಳ್ಳ ಸಿಕ್ಕಿದ ಹಾಗೆ. ಗಾಡಿಯಲ್ಲಿ ಸಾಗಿಸುವಾಗ ಚೆಲ್ಲಬಾರದೆಂದು ಮುಚ್ಚಿ, ನೀರಿಗಿಳಿದ ಮೇಲೆ ತೆರೆಯಲು ಮರೆಯುತ್ತೇವೆ. ನಾನು ಈಗಲೂ ವರ್ಷಕ್ಕೊಮ್ಮೆಯಾದರೂ ಮರೆಯುತ್ತೇನೆ.

ಆಮೇಲೆ ಪೈಪು. ಯಾರಾದರೂ ಅದರ ಮೇಲೆ ಕಾಲಿಟ್ಟಿದ್ದಾರೆಯೇ, ಟ್ಯಾಂಕಿನ ಅಡಿಯಲ್ಲಿ ಮಡಚಿಕೊಂಡಿದೆಯೇ? ಎರಡೂ ತುದಿಯ ಜೋಡಣೆಗಳು ‘ಟಕ್’ ಎಂದು ಕೂತಿವೆಯೇ? ಜೋಡಣೆಯ ಒಳಗಿನ ಸಣ್ಣ ರಬ್ಬರ್ ಬಳೆ ಬಿರುಕುಬಿಟ್ಟಿದ್ದರೆ ಪೆಟ್ರೋಲ್ ಹೊರಗೆ ಸೋರದೆಯೂ ಗಾಳಿ ಒಳಗೆ ಸೇರುತ್ತದೆ. ಹೊರಗೆ ಒಣಗಿದೆ, ಆದ್ದರಿಂದ ಸರಿಯಿದೆ ಎಂದು ತೀರ್ಮಾನಿಸಬೇಡಿ.

ಪೈಪಿನ ನಡುವೆ ನಿಂಬೆಹಣ್ಣಿಗಿಂತ ಕೊಂಚ ದೊಡ್ಡದಾದ, ಕೈಯಲ್ಲಿ ಅಮುಕುವ ರಬ್ಬರ್ ಉಂಡೆ ಇರುತ್ತದೆ. ನನ್ನ ಮಟ್ಟಿಗೆ ದೋಣಿಯಲ್ಲಿ ಇದಕ್ಕಿಂತ ಒಳ್ಳೆಯ ನಾಡಿವೈದ್ಯ ಇಲ್ಲ. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಬಾಣ ಮೇಲ್ಮುಖವಾಗುವಂತೆ ಹಿಡಿದು ಅಮುಕಿ. ಹತ್ತಾರು ಸಲ ಅಮುಕುವುದರೊಳಗೆ ಅದು ಗಟ್ಟಿಯಾದರೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್‌ವರೆಗೆ ಪೆಟ್ರೋಲ್ ತಲುಪಿದೆ. ಎಷ್ಟು ಅಮುಕಿದರೂ ಮೆತ್ತಗೇ ಇದ್ದರೆ ಟ್ಯಾಂಕ್ ಖಾಲಿ, ಅಥವಾ ಎಲ್ಲೋ ಗಾಳಿ ಸೇರುತ್ತಿದೆ, ಅಥವಾ ಉಂಡೆಯೊಳಗಿನ ಕವಾಟ ಹೋಗಿದೆ. ಅಮುಕಿದ್ದು ಮತ್ತೆ ಉಬ್ಬದೆ ಚಪ್ಪಟೆಯಾಗಿಯೇ ಉಳಿದರೆ ತಡೆ ಟ್ಯಾಂಕಿನ ಕಡೆಗಿದೆ: ಗಾಳಿ ತಿರುಪು, ಇಲ್ಲವೇ ಟ್ಯಾಂಕಿನೊಳಗಿನ ಜಾಲರಿ. ಮೊದಲ ಅಮುಕಿಗೇ ಕಲ್ಲಿನಂತಿದ್ದು, ಎಂಜಿನ್ನಿಗೆ ಮಾತ್ರ ಪೆಟ್ರೋಲ್ ಸಿಗದಿದ್ದರೆ ತಡೆ ಮುಂದಿದೆ: ಫಿಲ್ಟರ್, ಇಲ್ಲವೇ ಕಾರ್ಬ್ಯುರೇಟರಿನ ಸೂಜಿ ಅಂಟಿಕೊಂಡಿದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಕಾರ್ಬ್ಯುರೇಟರಿನ ಬಟ್ಟಲಿಗೆ ಎರಡು ಸಲ ಮೆಲ್ಲಗೆ ತಟ್ಟಿದರೆ ಅಂಟಿದ ಸೂಜಿ ಬಿಟ್ಟುಕೊಳ್ಳುವುದುಂಟು.

ಇನ್ನೊಂದು ಪರೀಕ್ಷೆ: ಎಂಜಿನ್ ಕೆಮ್ಮಲು ಶುರುಮಾಡಿದಾಗ ಜೊತೆಗಿರುವವರಿಗೆ ಉಂಡೆಯನ್ನು ಅಮುಕುತ್ತಾ ಇರಲು ಹೇಳಿ. ಅಮುಕಿದಷ್ಟು ಹೊತ್ತು ಸರಿಯಾಗಿ ಓಡಿದರೆ ಎಂಜಿನ್ನಿನ ಪೆಟ್ರೋಲ್ ಪಂಪ್ ಸೋತಿದೆ, ಇಲ್ಲವೇ ಪೈಪಿನಲ್ಲಿ ಗಾಳಿ ಸೇರುತ್ತಿದೆ. ರೋಗ ಗೊತ್ತಾಯಿತು, ಮದ್ದೂ ಸಿಕ್ಕಿತು. ಹಸುವಿನ ಹಾಲು ಕರೆದ ಹಾಗೆ ಅಮುಕುತ್ತಲೇ ದಡ ಸೇರಬಹುದು. ಚೋಕ್ ಅರ್ಧ ಎಳೆದರೆ ಮಾತ್ರ ಓಡುತ್ತದೆ ಎಂದಾದರೆ ಕಾರ್ಬ್ಯುರೇಟರಿನ ಸಣ್ಣ ರಂಧ್ರದಲ್ಲಿ ಕಸವಿದೆ. ನಡುನೀರಿನಲ್ಲಿ ಅದನ್ನು ಬಿಚ್ಚಬೇಡಿ. ಹಾಗೆಯೇ ನಿಧಾನವಾಗಿ ಮನೆಗೆ ಬನ್ನಿ.

ಈಗ ನೀರು ಬೆರೆತ ಪೆಟ್ರೋಲಿನ ಮಾತು. ಬಂಕುಗಳಲ್ಲಿ ಈಗ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ತಯಾರಾಗುವುದು ಕಬ್ಬಿನ ಕಾಕಂಬಿಯಿಂದಲೂ ಹೌದು. ಮಂಡ್ಯದವರಾದ ನಾವು ಅದನ್ನು ಜೋರಾಗಿ ಬೈಯುವಂತಿಲ್ಲ. ಆದರೆ ಅದಕ್ಕೆ ನೀರೆಂದರೆ ಪ್ರಾಣ. ಅರ್ಧ ತುಂಬಿದ ಟ್ಯಾಂಕನ್ನು ಮಳೆಗಾಲ ಪೂರ್ತಿ ದಡದ ಶೆಡ್ಡಿನಲ್ಲಿಟ್ಟರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನೀರು ಒಂದು ಮಿತಿ ದಾಟಿದ ಮೇಲೆ ಎಥೆನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲನ್ನು ತೊರೆದು ತಳಕ್ಕೆ ಇಳಿಯುತ್ತವೆ. ಎಂಜಿನ್ ಮೊದಲು ಹೀರುವುದು ತಳದಲ್ಲಿರುವುದನ್ನೇ. ಕಾರ್ಬ್ಯುರೇಟರ್ ಬಟ್ಟಲಿನ ಅಡಿಯ ತಿರುಪು ಸಡಿಲಿಸಿ, ಒಳಗಿದ್ದುದನ್ನು ಪಾರದರ್ಶಕ ಬಾಟಲಿಗೆ ಹಿಡಿದು ಬಿಸಿಲಿಗೆ ಹಿಡಿಯಿರಿ. ಎರಡು ಪದರ ಕಂಡರೆ, ಅಥವಾ ಕೆಳಗೆ ಗುಂಡುಗುಂಡಾದ ಹನಿಗಳು ಹೊರಳಾಡಿದರೆ ಅನುಮಾನ ಬೇಡ. ಕುಲುಕಿದರೆ ಸರಿಹೋಗುವುದಿಲ್ಲ. ಬೇರೆ ಡಬ್ಬಿಯ ಪೆಟ್ರೋಲ್ ಜೋಡಿಸಿ, ಉಂಡೆ ಅಮುಕಿ ಹಳೆಯದನ್ನು ಬಾಟಲಿಗೆ ಹರಿಸಿ, ಆಮೇಲೆ ಎಂಜಿನ್ ಎಳೆಯಿರಿ. ಆ ಬಾಟಲಿಯನ್ನು ಹಿನ್ನೀರಿಗೆ ಸುರಿಯಬೇಡಿ. ಮೈಸೂರು, ಮಂಡ್ಯ, ಬೆಂಗಳೂರು ಕುಡಿಯುವುದು ಇದೇ ನೀರನ್ನು.

ಎಳೆದು ಎಳೆದು ಪೆಟ್ರೋಲ್ ಅತಿಯಾದಾಗ ವಾಸನೆಯೇ ಹೇಳುತ್ತದೆ. ಚೋಕ್ ಪೂರ್ತಿ ಒಳಗೆ ತಳ್ಳಿ, ಹತ್ತು ನಿಮಿಷ ಬಿಟ್ಟು, ನ್ಯೂಟ್ರಲ್‌ನಲ್ಲೇ ಥ್ರಾಟಲ್ ಆದಷ್ಟೂ ತೆರೆದು ಏಳೆಂಟು ಸಲ ಎಳೆಯಿರಿ. ಹೊತ್ತಿಕೊಂಡ ಕ್ಷಣವೇ ಥ್ರಾಟಲ್ ಇಳಿಸಿ. ದೋಣಿಯ ತಳದಲ್ಲಿ ಪೆಟ್ರೋಲ್ ಚೆಲ್ಲಿದ್ದರೆ ಮೊದಲು ಬಟ್ಟೆಯಲ್ಲಿ ಒರೆಸಿ, ಗಾಳಿಯಾಡಲು ಬಿಡಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಬೀಡಿಯ ಮಾತನ್ನು ಬಿಡಿಸಿ ಹೇಳಬೇಕಿಲ್ಲ.

ಕೆಮ್ಮದೆ ನಿಂತರೆ

ಕೆಂಪು ದಾರದ ಕ್ಲಿಪ್ ನೋಡಿ. ಈ ಭಾಗವನ್ನು ಅಷ್ಟಕ್ಕೇ ಮುಗಿಸಬಹುದಿತ್ತು. ಕ್ಲಿಪ್ ಕೂತಿದ್ದರೂ ಒಮ್ಮೆ ತೆಗೆದು ಮತ್ತೆ ಸಿಕ್ಕಿಸಿ; ಒಳಗಿನ ಸ್ವಿಚ್ಚು ಕೆಲವೊಮ್ಮೆ ಅರ್ಧದಲ್ಲಿ ಅಂಟಿಕೊಂಡಿರುತ್ತದೆ. ಇನ್ನೊಂದು ಕ್ಲಿಪ್ ದೋಣಿಯಲ್ಲಿ ಇರಲೇಬೇಕು. ಎಂಜಿನ್ ನಡೆಸುವವನು ದಾರದ ಸಮೇತ ನೀರಿಗೆ ಬಿದ್ದರೆ ದೋಣಿಯಲ್ಲಿ ಉಳಿದವರು ಎಂಜಿನ್ ಹೊತ್ತಿಸಿ ಅವನ ಬಳಿಗೆ ಬರುವುದು ಹೇಗೆ?

ಕ್ಲಿಪ್ ಸರಿಯಿದ್ದರೆ ಮುಚ್ಚಳ ತೆಗೆಯಿರಿ. ಪ್ಲಗ್ಗಿನ ರಬ್ಬರ್ ಟೋಪಿಗಳನ್ನು ಒತ್ತಿ ಕೂರಿಸಿ. ವೈರುಗಳ ಜೋಡಣೆಗಳು ಅಲೆಯ ಕುಲುಕಾಟಕ್ಕೆ ಸಡಿಲವಾಗುತ್ತವೆ, ಕೈಯಿಂದ ಒಂದೊಂದನ್ನೂ ಮುಟ್ಟಿ ನೋಡಿ. ಮಳೆಯಲ್ಲಿ ನೆನೆದಿದ್ದರೆ ಒಣಬಟ್ಟೆಯಲ್ಲಿ ಒರೆಸಿ. ಬಟನ್ ಸ್ಟಾರ್ಟಿನ ಎಂಜಿನ್ ಗುಂಡಿ ಒತ್ತಿದಾಗ ‘ಟಿಕ್’ ಎಂದಷ್ಟೇ ಹೇಳಿದರೆ ಬ್ಯಾಟರಿಯ ತುದಿಗಳನ್ನು ಬಿಗಿಮಾಡಿ. ಏನೂ ಹೇಳದಿದ್ದರೆ ಫ್ಯೂಸ್ ನೋಡಿ, ಗೇರ್ ನ್ಯೂಟ್ರಲ್‌ನಲ್ಲಿದೆಯೇ ನೋಡಿ.

ಆಮೇಲಷ್ಟೇ ಪ್ಲಗ್. ಬಿಚ್ಚಿದ ಪ್ಲಗ್ ಅರ್ಧ ಕಥೆ ಹೇಳುತ್ತದೆ. ಒದ್ದೆಯಾಗಿ ಪೆಟ್ರೋಲ್ ವಾಸನೆಯಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಬರುತ್ತಿಲ್ಲ. ಒಣಗಿದ್ದರೆ ಹಿಂದಿನ ಭಾಗಕ್ಕೆ ಹೋಗಿ. ನೀರಿನ ಹನಿ ಕೂತಿದ್ದರೆ ಬಾಟಲಿಯ ಪರೀಕ್ಷೆ. ಕಪ್ಪಾಗಿ, ಎಣ್ಣೆ ಮೆತ್ತಿಕೊಂಡಿದ್ದರೆ ಒರೆಸುವುದಕ್ಕಿಂತ ಹೊಸದು ಹಾಕುವುದೇ ವಾಸಿ. ಪ್ಲಗ್ಗನ್ನು ಟೋಪಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಡಿ ನೋಡುವುದು ಗದ್ದೆಯಲ್ಲಿ ಸರಿ. ದೋಣಿಯಲ್ಲಿ ತೆರೆದ ಟ್ಯಾಂಕ್, ಚೆಲ್ಲಿದ ಪೆಟ್ರೋಲ್ ಪಕ್ಕದಲ್ಲಿರುವಾಗ ಅದು ಬೆಂಕಿಯ ಆಟ. ನಾನು ಪರೀಕ್ಷಿಸುವುದಿಲ್ಲ, ಹೊಸ ಪ್ಲಗ್ ಹಾಕಿಬಿಡುತ್ತೇನೆ. ಪ್ಲಗ್ ಬಿಚ್ಚುವ ಮೊದಲು ಅಡಿಗೆ ಟವೆಲ್ ಹಾಸಿ. ಇದನ್ನು ಬರೆಯುವಾಗ ನನಗೆ ಯಾವ ದಿನ ನೆನಪಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಎರಡು ಸಿಲಿಂಡರಿನ ಎಂಜಿನ್ ಪೂರ್ತಿ ನಿಲ್ಲದೆ, ಒಂದೇ ಕಾಲಿನಲ್ಲಿ ಕುಂಟಿದಂತೆ ಅಲುಗಾಡುತ್ತಾ ಅರ್ಧ ಬಲದಲ್ಲಿ ಓಡಿದರೆ ಒಂದು ಪ್ಲಗ್ ಸತ್ತಿದೆ ಎಂಬ ಅನುಮಾನವಿರಲಿ.

ನರಳಿ ನಿಂತರೆ

ಎಂಜಿನ್ ಓಡುವಾಗ ಹಿಂಬದಿಯ ಸಣ್ಣ ತೂತಿನಿಂದ ಪಿಚಕಾರಿಯಂತೆ ನೀರು ಚಿಮ್ಮುತ್ತಿರಬೇಕು. ಹೊಳೆಯ ನೀರನ್ನೇ ಹೀರಿ ಮೈ ತಂಪು ಮಾಡಿಕೊಳ್ಳುವ ಯಂತ್ರ ಇದು. ಆ ಧಾರೆಯನ್ನು ಹೊರಡುವಾಗ ಮಾತ್ರವಲ್ಲ, ಐದು ನಿಮಿಷಕ್ಕೊಮ್ಮೆ ತಿರುಗಿ ನೋಡುವ ಚಾಳಿ ಬೆಳೆಸಿಕೊಳ್ಳಿ. ಧಾರೆ ಸಣ್ಣಗಾದರೆ, ಆವಿ ಬಂದರೆ, ಎಚ್ಚರಿಕೆಯ ಪೀಪಿ ಕೂಗಿದರೆ ತಕ್ಷಣ ಆರಿಸಿ. ಹೊಸ ಎಂಜಿನ್‌ಗಳಲ್ಲಿ ಕೆಲವು ಬಿಸಿಯಾದಾಗ ತಾವಾಗಿಯೇ ವೇಗ ಕಡಿಮೆ ಮಾಡಿಕೊಳ್ಳುತ್ತವೆ. ಅದನ್ನು ಪೆಟ್ರೋಲ್ ದೋಷವೆಂದು ತಪ್ಪು ತಿಳಿದು ಥ್ರಾಟಲ್ ತಿರುಚುವವರಿದ್ದಾರೆ.

ಎಂಜಿನ್ನನ್ನು ಮೇಲಕ್ಕೆ ಬಾಗಿಸಿ, ಕೆಳಗಾಲಿನ, ಅಂದರೆ ನೀರಿನಲ್ಲಿ ಮುಳುಗಿರುವ ಕೆಳಭಾಗದ, ಪಕ್ಕದಲ್ಲಿರುವ ನೀರೆಳೆಯುವ ಜಾಲರಿಯನ್ನು ನೋಡಿ. ಅಂತರಗಂಗೆಯ ಬೇರು, ಪಾಚಿ, ತೇಲಿ ಬಂದ ಪ್ಲಾಸ್ಟಿಕ್ ಚೀಲ, ಇವೇ ಸಾಮಾನ್ಯವಾಗಿ ಸಿಗುವುದು. ಕಿತ್ತು ಹಾಕಿ. ಜಾಲರಿ ಶುದ್ಧವಿದ್ದರೆ, ಧಾರೆ ಬರುವ ತೂತಿನಲ್ಲೇ ಮಣ್ಣಿನ ಉಂಡೆ ಅಥವಾ ಜೇಡರ ಹುಳುವಿನ ಗೂಡು ಇರಬಹುದು. ಗಟ್ಟಿ ನೈಲಾನ್ ದಾರದ ತುಂಡನ್ನು ತೂರಿಸಿ ಆಡಿಸಿ. ಪೊರಕೆ ಕಡ್ಡಿ ತೂರಿಸಬೇಡಿ, ಒಳಗೇ ಮುರಿಯುತ್ತದೆ.

ಎರಡೂ ಶುದ್ಧವಿದ್ದೂ ನೀರು ಬಾರದಿದ್ದರೆ ಒಳಗಿನ ನೀರಿನ ಪಂಪಿನ ರಬ್ಬರ್ ಚಕ್ರ ಸವೆದಿದೆ. ಸಮುದ್ರದವರಿಗೆ ಉಪ್ಪಿನ ಕಾಟವಾದರೆ ನಮಗೆ ಮರಳಿನ ಕಾಟ. ಆಳವಿಲ್ಲದ ದಡದಲ್ಲಿ ಫ್ಯಾನ್ ಕೆಸರು ಕದಡುತ್ತಾ ಓಡಿಸಿದರೆ, ಮುಂಗಾರಿನ ಕೆಂಪು ಹೊಸನೀರಿನಲ್ಲಿ ಓಡಿಸಿದರೆ, ಆ ಚಕ್ರ ಉಪ್ಪುಕಾಗದದಲ್ಲಿ ಉಜ್ಜಿದಂತೆ ಸವೆಯುತ್ತದೆ. ಅದನ್ನು ಬದಲಿಸಲು ಕೆಳಗಾಲು ಬಿಚ್ಚಬೇಕು. ನೀರಿನ ಮೇಲೆ ಆಗುವ ಕೆಲಸವಲ್ಲ. ಕಾದ ಎಂಜಿನ್ ಮೇಲೆ ಬಕೆಟ್ಟಿನಿಂದ ನೀರು ಸುರಿಯಬೇಡಿ, ಕಾದ ಲೋಹ ಸೀಳುತ್ತದೆ. ತಾನಾಗಿ ಆರಲಿ.

ಟೂ ಸ್ಟ್ರೋಕ್ ಆದರೆ ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ: ಪೆಟ್ರೋಲಿಗೆ ಆಯಿಲ್ ಬೆರೆಸಿದ್ದು ಯಾರು? 50ಕ್ಕೆ 1ರ ಲೆಕ್ಕದ ಎಂಜಿನ್‌ಗೆ ಲೀಟರಿಗೆ 20 ಮಿಲಿಲೀಟರ್ ಬೇಕು. “ನೀನು ಹಾಕಿದ್ದೀಯ ಎಂದುಕೊಂಡೆ” ಎಂಬ ಉತ್ತರ ಬಂದರೆ ಹಗ್ಗ ಮುಟ್ಟಬೇಡಿ. ಒಣಗಿದ ಪಿಸ್ಟನ್ ಮತ್ತೆ ಓಡಿದರೆ ಉಳಿದದ್ದೂ ಹೋಗುತ್ತದೆ.

ಎಂಜಿನ್ ಕೂಗುತ್ತಿದೆ, ದೋಣಿ ಕದಲುತ್ತಿಲ್ಲ

ಕೆಆರ್‌ಎಸ್ ನೀರಿನ ಮಟ್ಟ ಪ್ರತಿದಿನ ಪತ್ರಿಕೆಯ ಒಂದು ಮೂಲೆಯಲ್ಲಿ ಬರುತ್ತದೆ. ಗರಿಷ್ಠ 124.80 ಅಡಿ. ರೈತ ಆ ಅಂಕಿ ನೋಡುವುದು ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ ಎಂದು. ನಾನು ನೋಡುವುದು ಫ್ಯಾನಿಗಾಗಿ. ಮಟ್ಟ ಇಳಿದಂತೆ ನಿನ್ನೆ ಆಳದಲ್ಲಿದ್ದ ಬಂಡೆ ಇಂದು ಒಂದು ಗೇಣು ಕೆಳಗಿರುತ್ತದೆ. ಕಬಿನಿಯ ಹಿನ್ನೀರು ಇನ್ನೂ ಕಠಿಣ. ಅಲ್ಲಿ ಮುಳುಗಿದ ಕಾಡಿನ ಒಣಮರಗಳು ನೀರಿನಲ್ಲಿ ನಿಂತೇ ಇವೆ. ಮೇಲೆ ಕಾಣುವ ಬೊಡ್ಡೆಗಳಿಂದ ಭಯವಿಲ್ಲ, ಕಾಣದವು ಹೊಡೆಯುತ್ತವೆ.

ಸಣ್ಣ ಎಂಜಿನ್‌ಗಳಲ್ಲಿ ಫ್ಯಾನನ್ನು ಶಾಫ್ಟಿಗೆ ಹಿಡಿದಿರುವುದು ಒಂದು ಮೆದು ಲೋಹದ ಪಿನ್ನು. ಹೊಡೆತ ಬಿದ್ದಾಗ ಗೇರಿನ ಹಲ್ಲು ಮುರಿಯುವ ಬದಲು ಅದು ತುಂಡಾಗುತ್ತದೆ. ಎಂಜಿನ್ ಕೂಗುತ್ತದೆ, ಫ್ಯಾನ್ ತಿರುಗುವುದಿಲ್ಲ. ಮೊದಲು ಕೆಂಪು ಕ್ಲಿಪ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಕೈ ಫ್ಯಾನಿನ ನಡುವೆ ಇರುವಾಗ ಯಾರೂ ಉಪಕಾರಕ್ಕೆಂದು ಎಂಜಿನ್ ಎಳೆಯಬಾರದು. ಎಂಜಿನ್ನನ್ನು ಮೇಲಕ್ಕೆ ಬಾಗಿಸಿ, ಕೆಳಗೆ ಅಕ್ಕಿ ಜರಡಿಯನ್ನೋ ಬುಟ್ಟಿಯನ್ನೋ ಹಿಡಿಯಲು ಒಬ್ಬರನ್ನು ಕೂರಿಸಿ, ಆಮೇಲೆ ನಟ್ಟು ಬಿಚ್ಚಿ. ಜರಡಿ ನನ್ನ ಮನೆಯಾಕೆಯ ಉಪಾಯ. ಬದಲಿ ಪಿನ್ನು ಇಲ್ಲದಿದ್ದರೆ ಕಬ್ಬಿಣದ ಮೊಳೆ ಕತ್ತರಿಸಿ ಹಾಕುವವರಿದ್ದಾರೆ. ಮೊಳೆ ಗಟ್ಟಿ, ಅದು ಮುರಿಯುವುದಿಲ್ಲ. ಮುಂದಿನ ಹೊಡೆತಕ್ಕೆ ಗೇರ್ ಮುರಿಯುತ್ತದೆ. ಹಾಕಲೇಬೇಕಾಗಿ ಬಂದರೆ ನಡಿಗೆಯ ವೇಗದಲ್ಲಿ ದಡಕ್ಕೆ ಬಂದು, ಅಲ್ಲೇ ತೆಗೆದು ಬಿಸಾಡಿ.

ದೊಡ್ಡ ಎಂಜಿನ್‌ಗಳ ಫ್ಯಾನಿನ ನಡುವೆ ಪಿನ್ನಿನ ಬದಲು ರಬ್ಬರ್ ತೋಳು ಇರುತ್ತದೆ. ಅದು ಜಾರಿದರೆ ಕಡಿಮೆ ವೇಗದಲ್ಲಿ ದೋಣಿ ಚಲಿಸುತ್ತದೆ, ಥ್ರಾಟಲ್ ಏರಿಸಿದ ಕೂಡಲೇ ಎಂಜಿನ್ ಸುಮ್ಮನೆ ಕೂಗುತ್ತದೆ. ಏರಿಸದೆ ಬನ್ನಿ, ಅಷ್ಟೇ.

ಕಳೆ ಸುತ್ತಿಕೊಂಡಿದ್ದರೆ ನಿಧಾನವಾಗಿ ರಿವರ್ಸ್ ಹಾಕಿದಾಗ ಬಿಚ್ಚಿಕೊಳ್ಳುವುದುಂಟು. ಬಲೆಗೆ ಹಾಗೆ ಮಾಡಬೇಡಿ, ಇನ್ನಷ್ಟು ಸುತ್ತಿಕೊಳ್ಳುತ್ತದೆ. ಎಂಜಿನ್ ಆರಿಸಿ, ಮೇಲೆತ್ತಿ, ಫ್ಯಾನನ್ನು ಕೈಯಲ್ಲಿ ಹಿಂದಕ್ಕೆ ತಿರುಗಿಸುತ್ತಾ ಬಿಡಿಸಿ. ಅದು ಯಾರದೋ ಅನ್ನ; ಚಾಕು ಕೊನೆಗಿರಲಿ. ಬಿಡಿಸಿದ ಮೇಲೂ ಫ್ಯಾನಿನ ಹಿಂದೆ ಶಾಫ್ಟಿಗೆ ನೈಲಾನ್ ಎಳೆ ಉಳಿದಿದೆಯೇ ನೋಡಿ. ಉಳಿದ ಎಳೆ ಗೇರಿನ ಆಯಿಲ್ ಸೀಲನ್ನು ಕೊರೆದು ಒಳಗೆ ನೀರು ಬಿಡುತ್ತದೆ. ವಾರದ ನಂತರ ಗೇರ್ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಕಾರಣ ಆ ಎಳೆ.

ಹಗ್ಗವೇ ಬಾರದಿದ್ದರೆ

ಗೇರ್ ನ್ಯೂಟ್ರಲ್‌ನಲ್ಲಿಲ್ಲದಿದ್ದರೆ ಅನೇಕ ಎಂಜಿನ್‌ಗಳು ಹಗ್ಗ ಎಳೆಯಲು ಬಿಡುವುದೇ ಇಲ್ಲ. ಗೇರ್ ಸರಿಯಿದ್ದೂ ಹಗ್ಗ ಕಲ್ಲಿಗೆ ಕಟ್ಟಿದಂತಿದ್ದರೆ ಪ್ಲಗ್ ತೆಗೆದು ಒಮ್ಮೆ ಮೆಲ್ಲಗೆ ಎಳೆದು ನೋಡಿ. ಆಗ ತಿರುಗಿ, ತೂತಿನಿಂದ ನೀರು ಚಿಮ್ಮಿದರೆ ಸಿಲಿಂಡರಿನಲ್ಲಿ ನೀರಿತ್ತು. ಆಗಲೂ ತಿರುಗದಿದ್ದರೆ ಎಂಜಿನ್ ಹಿಡಿದುಕೊಂಡಿದೆ, ಹುಟ್ಟು ಹಿಡಿಯಿರಿ.

ಹಗ್ಗ ಕಿತ್ತುಹೋದರೆ ಸ್ಟಾರ್ಟರ್ ಜೋಡಣೆ ಬಿಚ್ಚಿ, ಎಂಜಿನ್ನಿನ ತಲೆಯ ಮೇಲಿನ ಫ್ಲೈವೀಲ್ ಎಂಬ ಚಕ್ರದ ಕಚ್ಚಿಗೆ ಗಂಟು ಹಾಕಿದ ಹಗ್ಗ ಸಿಕ್ಕಿಸಿ ಸುತ್ತಿ ಎಳೆಯಬಹುದು. ಹೀಗೆ ಎಳೆಯುವಾಗ ನ್ಯೂಟ್ರಲ್‌ನ ಆ ತಡೆ ಕೆಲಸ ಮಾಡುವುದಿಲ್ಲ, ಆದ್ದರಿಂದ ಗೇರನ್ನು ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ತೆರೆದ ಫ್ಲೈವೀಲಿಗೆ ಕೊರಳಿನ ಟವೆಲ್, ಸೆರಗು, ವೇಲ್ ಸಿಕ್ಕದಿರಲಿ. ಓಡುತ್ತಿರುವಾಗ ಮುಚ್ಚಳ ಹಾಕಲು ಹೋಗಬೇಡಿ.

ಸೋಲೊಪ್ಪುವ ಹೊತ್ತು

ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಎಂಜಿನ್ನಿನ ಜೊತೆ ಕುಸ್ತಿ ಬೇಡ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಮೋಡ ಕಟ್ಟುತ್ತಿದ್ದರೆ ಅಷ್ಟೂ ಬೇಡ. ಬಯಲು ನೀರಿನಲ್ಲಿ ಸಿಡಿಲಿಗೆ ನೀವೇ ಎತ್ತರದ ಮರ. ಹುಟ್ಟು ಹಾಕುವುದಾದರೆ ಬಂದ ದಡದತ್ತ ಅಲ್ಲ, ಗಾಳಿ ಒಪ್ಪುವ ದಡದತ್ತ ಹಾಕಿ. ಕೆಆರ್‌ಎಸ್‌ನಲ್ಲಿ ಗಾಳಿಯ ಜೊತೆ ನೇರವಾಗಿ ಹೋಗದೆ ಅಡ್ಡವಾಗಿ, ಬದಿಯ ದಡಕ್ಕೆ ಹೋಗಬೇಕು. ಮೊಬೈಲಿಗೆ ಸಿಗ್ನಲ್ ಇದ್ದರೆ 112ಕ್ಕೆ ಕರೆ ಮಾಡಿ, ಹತ್ತಿರದ ಊರು, ದೇವಸ್ಥಾನದ ಗೋಪುರ, ಯಾವ ದಿಕ್ಕಿನಲ್ಲಿ ಕಾಣುತ್ತಿದೆ ಎಂಬುದನ್ನು ಹೇಳಿ. “ನೀರಿನ ನಡುವೆ ಇದ್ದೇವೆ” ಎಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಬೇರೆ ದೋಣಿ ಎಳೆದುಕೊಂಡು ಹೋಗುವುದಾದರೆ ನಿಮ್ಮ ಎಂಜಿನ್ನನ್ನು ಮೇಲೆತ್ತಿ, ಹಗ್ಗವನ್ನು ಮುಂತುದಿಯ ಬಳೆಗೆ ಕಟ್ಟಿ, ಜನ ಹಿಂದಕ್ಕೆ ಸರಿದು ಕೂರಲಿ. ಹಗ್ಗದ ನೇರಕ್ಕೆ ಯಾರೂ ನಿಲ್ಲಬಾರದು.

ಆ ದಿನ ನಮ್ಮನ್ನು ಎಳೆದು ತಂದದ್ದು ತಾತನ ಹರಿಗೋಲು. ಒಂದೂವರೆ ಗಂಟೆ ಹಿಡಿಯಿತು. ದಾರಿಯುದ್ದಕ್ಕೂ ಅವರು ಎಂಜಿನ್ನಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಅತ್ತಿಗೆಯ ಬಳಿ ಮದ್ದೂರಿನ ಎಳನೀರಿನ ದರ ವಿಚಾರಿಸುತ್ತಾ ಬಂದರು.

ಈಗ ನನ್ನ ದೋಣಿಯಲ್ಲಿ ಬಿಗಿ ಮುಚ್ಚಳದ ಒಂದು ಡಬ್ಬಿ ಇರುತ್ತದೆ: ಎರಡು ಪ್ಲಗ್, ಎರಡು ಪಿನ್ನು, ಇನ್ನೊಂದು ಕೆಂಪು ಕ್ಲಿಪ್, ಫ್ಯೂಸ್, ಪೈಪಿನ ರಬ್ಬರ್ ಬಳೆಗಳು, ಇಕ್ಕಳ, ಸ್ಕ್ರೂಡ್ರೈವರ್, ಚಾಕು, ನೈಲಾನ್ ದಾರ, ಖಾಲಿ ಬಾಟಲಿ, ಒಣ ಟವೆಲ್, ಸೀಟಿ. ಪ್ಲಗ್ ಸ್ಪ್ಯಾನರಿಗೆ ದಾರ ಕಟ್ಟಿ ಡಬ್ಬಿಗೆ ಬಿಗಿದಿದ್ದೇನೆ. ಪ್ಲಗ್ಗಿಗೆ ದಾರ ಕಟ್ಟುವ ಉಪಾಯ ಮಾತ್ರ ಇನ್ನೂ ಹೊಳೆದಿಲ್ಲ.